ಮುಂಬಯಿಯ ಕಿಟಕಿಯಲ್ಲಿ ಹಾವರ್ತಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಪೂರ್ವದ ಕಿಟಕಿಯ ಗ್ರಿಲ್ಲಿನೊಳಗೆ ಈಗ ನಲವತ್ತೊಂದು ಹಾವರ್ತಿಯಾ ಕುಂಡಗಳಿವೆ. ಮೊದಲ ವರ್ಷ ಕೊಂಡು ತಂದ ಆರರಲ್ಲಿ ಐದು ಗಿಡಗಳು ಆ ವರ್ಷದ ಜುಲೈ ದಾಟಲಿಲ್ಲ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ನೆರೆಹೊರೆಯವರು, ಮಾಟುಂಗದ ಕಾರ್ಯಕ್ರಮಗಳಲ್ಲಿ ಸಿಕ್ಕವರು, ಡೊಂಬಿವಲಿಯಿಂದಲೂ ಪುಣೆಯಿಂದಲೂ ಬರೆದವರು ಕೇಳಿದ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ ಆಗಿದ್ದವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ.

ಮೊದಲ ಪರಿಚಯ

ಇದು ಕಳ್ಳಿಯೇ, ಲೋಳೆಸರದ ಮರಿಯೇ? ನರ್ಸರಿಯವನು ಒಂದೊಂದು ಸಲ ಒಂದೊಂದು ಹೆಸರು ಹೇಳುತ್ತಾನೆ.

ಕಳ್ಳಿಯಲ್ಲ. ಹಾವರ್ತಿಯಾ ಲೋಳೆಸರದ ಕುಟುಂಬಕ್ಕೇ ಸೇರಿದ, ದಕ್ಷಿಣ ಆಫ್ರಿಕಾ ಮೂಲದ ಪುಟ್ಟ ಗಿಡ. ಆದ್ದರಿಂದ ಲೋಳೆಸರದ ಮರಿ ಎಂದವನ ಮಾತು ಪೂರ್ತಿ ಸುಳ್ಳಲ್ಲ, ದಾಯಾದಿಯನ್ನು ಮಗನೆಂದು ಹೇಳಿದಷ್ಟೇ ತಪ್ಪು. ದಪ್ಪನೆಯ ಎಲೆಗಳು ನಡುವಿನ ಒಂದು ಬಿಂದುವಿನಿಂದ ಸುತ್ತಲೂ ಗುಲಾಬಿಯ ಎಸಳುಗಳಂತೆ ಹೊರಡುತ್ತವೆ, ಮತ್ತು ಸಾಮಾನ್ಯ ಜಾತಿಗಳು ಅಂಗೈ ಅಗಲವನ್ನು ಮೀರುವುದು ಅಪರೂಪ. ಅಡ್ರಿಯನ್ ಹಾರ್ಡಿ ಹಾವರ್ತ್ ಎಂಬ ಇಂಗ್ಲಿಷ್ ಸಸ್ಯಶಾಸ್ತ್ರಜ್ಞನ ಗೌರವಾರ್ಥ 1809ರಲ್ಲಿ ಈ ಹೆಸರು ಬಂದಿತು. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಕಡುಹಸಿರು ಎಲೆಗಳ ಮೇಲೆ ಬಿಳಿ ಪಟ್ಟೆಗಳಿರುವ, ‘ಝೀಬ್ರಾ’ ಎಂದು ಕರೆಯುವ ಜಾತಿ.

ಮುಳ್ಳಿನ ಗಿಡ ಮನೆಯೊಳಗೆ ಇರಬಾರದು ಎಂದು ಅತ್ತೆ ಹೇಳುತ್ತಾರೆ. ಇದನ್ನು ಇಡಬಹುದೇ?

ಅತ್ತೆಯವರ ನಿಯಮ ಮುರಿಯುವುದಿಲ್ಲ, ಏಕೆಂದರೆ ಇದಕ್ಕೆ ಮುಳ್ಳಿಲ್ಲ. ಝೀಬ್ರಾದ ಎಲೆಯ ಮೇಲೆ ಕಾಣುವ ಬಿಳಿಯ ಚುಕ್ಕಿಗಳು ಎಲೆಯ ಚರ್ಮವೇ ಉಬ್ಬಿ ಆದ ಗುಳ್ಳೆಗಳು. ಅವರ ಕೈಯಲ್ಲೇ ಒಮ್ಮೆ ಸವರಿಸಿ ನೋಡಿ. ತುರಿಮಣೆಯ ಬೆನ್ನನ್ನು ಮುಟ್ಟಿದಂತಿರುತ್ತದೆ, ಚುಚ್ಚುವುದಿಲ್ಲ.

ತಾವರೆಯಂತೆ ಅರಳಿದ, ಬೂದುನೀಲಿ ಮತ್ತು ಗುಲಾಬಿ ಬಣ್ಣದ ಗಿಡವೇ ನನಗೆ ಇಷ್ಟ. ಅದು ನಮ್ಮಲ್ಲಿ ಏಕೆ ಉಳಿಯುವುದಿಲ್ಲ?

ನೀವು ಹೇಳುತ್ತಿರುವುದು ಎಚೆವೇರಿಯಾ. ಅದು ಬೇರೆಯೇ ಕುಟುಂಬದ್ದು, ಅದರ ತವರು ಮುಖ್ಯವಾಗಿ ಮೆಕ್ಸಿಕೋದ ಎತ್ತರದ ಪ್ರದೇಶಗಳು. ಅಲ್ಲಿ ಹಗಲು ಪ್ರಖರವಾದ ಬಿಸಿಲು, ರಾತ್ರಿ ತಂಪು. ನಮ್ಮಲ್ಲಿ ಜೂನ್ ತಿಂಗಳ ರಾತ್ರಿಯೂ ಸುಮಾರು 26 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಗಾಳಿ ಒದ್ದೆ ಬಟ್ಟೆಯಂತೆ ಮೈಗೆ ಅಂಟುತ್ತದೆ, ಮೋಡ ಕವಿದು ವಾರಗಟ್ಟಲೆ ಬಿಸಿಲೇ ಇರುವುದಿಲ್ಲ. ಬೆಳಕು ಸಾಲದೆ ಎಚೆವೇರಿಯಾದ ಕಾಂಡ ಕೊಕ್ಕರೆಯ ಕುತ್ತಿಗೆಯಂತೆ ಉದ್ದವಾಗುತ್ತದೆ, ಎಲೆಗಳು ದೂರದೂರ ಸರಿದು ತಾವರೆಯ ಆಕಾರವೇ ಕೆಡುತ್ತದೆ, ಕೊನೆಗೆ ನಡುಭಾಗ ಕೊಳೆಯುತ್ತದೆ. ಎಲೆಗೆ ಆ ಬೂದು ಬಣ್ಣ ಕೊಡುವುದು ಮೇಣದ ಒಂದು ತೆಳು ಪದರ. ಬೆರಳು ತಾಗಿದರೆ ಅಳಿಸಿಹೋಗುತ್ತದೆ, ಆ ಎಲೆಯಲ್ಲಿ ಮತ್ತೆ ಮೊದಲಿನಂತೆ ಬರುವುದಿಲ್ಲ.

ಹಾವರ್ತಿಯಾ ಮೂಲದಲ್ಲೇ ಪೊದೆಯ ನೆರಳಿನಲ್ಲಿ, ಹುಲ್ಲಿನ ಬುಡದಲ್ಲಿ, ಬಂಡೆಯ ಸಂದಿನಲ್ಲಿ ಬೆಳೆಯುವ ಗಿಡವಾದ್ದರಿಂದ ಅರೆನೆರಳಿನ ಫ್ಲ್ಯಾಟಿಗೆ ಹೆಚ್ಚು ಹೊಂದಿಕೊಳ್ಳುತ್ತದೆ. ಪುಣೆಯಲ್ಲಿರುವವರು ಎಚೆವೇರಿಯಾವನ್ನು ಧೈರ್ಯವಾಗಿ ಪ್ರಯತ್ನಿಸಬಹುದು. ಜುಲೈ ಒಂದೇ ತಿಂಗಳಲ್ಲಿ ಮುಂಬಯಿಯ ಉಪನಗರಗಳಲ್ಲಿ ಬೀಳುವ ಸರಾಸರಿ ಮಳೆ 800 ಮಿಲಿಮೀಟರ್ ಮೀರುತ್ತದೆ. ಪುಣೆ ನಗರಕ್ಕೆ ವರ್ಷವಿಡೀ ಸಿಗುವುದು ಅದಕ್ಕಿಂತ ಕಡಿಮೆ, ಅಲ್ಲದೆ ಅಲ್ಲಿ ಚಳಿಗಾಲದ ರಾತ್ರಿಗಳು ನಿಜವಾಗಿಯೂ ಚಳಿಯಿರುತ್ತವೆ. ಗೋವಾದವರು ಈ ವಿಷಯದಲ್ಲಿ ನಮ್ಮ ಪಂಕ್ತಿಯವರೇ. ಯುರೋಪಿನ ಪರ್ವತಗಳ ಸೆಂಪರ್ವೈವಮ್ ಎಂಬ ಮತ್ತೊಂದು ಅಂದದ ಗಿಡವೂ ಆನ್‌ಲೈನಿನಲ್ಲಿ ಸಿಗುತ್ತದೆ. ಮುಂಬಯಿಯವರು ಅದರ ಚಿತ್ರ ನೋಡಿ ಸಂತೋಷಪಟ್ಟರೆ ಸಾಕು.

ಕೊಳ್ಳುವಾಗ ಏನು ನೋಡಬೇಕು?

ಮೊದಲು ಗಿಡವನ್ನು ಎರಡು ಬೆರಳಿನಲ್ಲಿ ಹಿಡಿದು ಮೆಲ್ಲಗೆ ಅಲುಗಾಡಿಸಬೇಕು. ಬೇರು ಹಿಡಿದಿದ್ದರೆ ಕುಂಡವೇ ಜೊತೆಗೆ ಅಲುಗುತ್ತದೆ, ಬೇರಿಲ್ಲದಿದ್ದರೆ ಗಿಡ ಮಾತ್ರ ಸಡಿಲ ಹಲ್ಲಿನಂತೆ ಆಡುತ್ತದೆ. ಎಲೆಗಳ ಬುಡದಲ್ಲಿ ಹತ್ತಿಯಂತಹ ಬಿಳಿ ವಸ್ತು ಇದೆಯೇ ಎಂದು ನೋಡಬೇಕು. ಕಣ್ಣು ಕುಕ್ಕುವ ನೀಲಿ, ಕಿತ್ತಳೆ, ನೇರಳೆ ಬಣ್ಣದ ಹಾವರ್ತಿಯಾಗಳಿಗೆ ಬಣ್ಣ ಬಳಿದಿರುತ್ತಾರೆ. ಬಣ್ಣದ ಪದರ ಬೆಳಕನ್ನು ತಡೆಯುವುದರಿಂದ ಗಿಡ ಸೊರಗುತ್ತದೆ. ಮೇಲ್ಭಾಗದ ಬಿಳಿ ಹರಳುಗಳನ್ನು ಅಂಟಿನಿಂದ ಕೂಡಿಸಿದ ಕುಂಡಗಳೂ ಬರುತ್ತವೆ. ಹರಳಿನ ಕೆಳಗಿನ ಮಣ್ಣು ಒದ್ದೆಯೋ ಒಣಗಿದೆಯೋ ತಿಳಿಯುವ ದಾರಿಯೇ ಇಲ್ಲದ ಕಾರಣ ಅವು ಉಡುಗೊರೆಯ ಅಂಗಡಿಗೆ ಸರಿ, ಮನೆಗಲ್ಲ.

ಕೊಳ್ಳುವ ಕಾಲವೂ ಮುಖ್ಯ. ಜನವರಿಯ ಕೊನೆಯಲ್ಲಿ ಪುಣೆಯ ಎಂಪ್ರೆಸ್ ಗಾರ್ಡನ್ನಿನಲ್ಲಿ ನಡೆಯುವ ಪುಷ್ಪ ಪ್ರದರ್ಶನವಾಗಲಿ, ಭಾಯಖಳಾದ ರಾಣಿ ಬಾಗ್‌ನ ಪ್ರದರ್ಶನವಾಗಲಿ ಗಿಡ ಕೊಳ್ಳಲು ತಕ್ಕ ಋತುವಿನಲ್ಲೇ ಬರುತ್ತವೆ. ಮೇ ತಿಂಗಳ ಕೊನೆಯಲ್ಲಿ ತಂದ ಗಿಡಕ್ಕೆ ಹೊಸ ಮನೆ, ಹೊಸ ಮಣ್ಣು, ಮಳೆಗಾಲ ಮೂರೂ ಒಟ್ಟಿಗೆ ಎದುರಾಗುತ್ತವೆ.

ಬೆಳಕು, ನೀರು, ಮಣ್ಣು

ನಮ್ಮ ಮನೆಯ ಕಿಟಕಿ ದಕ್ಷಿಣಕ್ಕಿದೆ, ಅಕ್ಕನ ಮನೆಯದು ಪಶ್ಚಿಮಕ್ಕೆ. ಯಾವುದು ಒಳ್ಳೆಯದು?

ಎಲ್ಲಕ್ಕಿಂತ ಒಳ್ಳೆಯದು ಪೂರ್ವ. ಬೆಳಗಿನ ಎರಡು ಮೂರು ಗಂಟೆಗಳ ಎಳೆಬಿಸಿಲು, ಉಳಿದ ಹೊತ್ತು ತಿಳಿಬೆಳಕು ಸಿಕ್ಕಿದರೆ ಹಾವರ್ತಿಯಾ ಮತ್ತೇನನ್ನೂ ಕೇಳುವುದಿಲ್ಲ. ದಕ್ಷಿಣದ ಕಿಟಕಿಯ ವಿಷಯ ಸ್ವಲ್ಪ ವಿವರಿಸಬೇಕು. ಮುಂಬಯಿ ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ನಡುವಿನಿಂದ ಜುಲೈ ಕೊನೆಯವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ, ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಬಹಳಷ್ಟು ವಾಲಿರುತ್ತಾನೆ. ಹೀಗಾಗಿ ದಕ್ಷಿಣದ ಕಿಟಕಿಯೊಳಗೆ ಬಿಸಿಲು ಬರುವುದು ಚಳಿಗಾಲದಲ್ಲೇ. ಅದೇ ಹಾವರ್ತಿಯಾ ಬೆಳೆಯುವ ಕಾಲವಾದ್ದರಿಂದ ನಿಮ್ಮ ಕಿಟಕಿ ಕೆಟ್ಟದ್ದಲ್ಲ. ಪಶ್ಚಿಮದ ಕಿಟಕಿಗೆ ಎರಡು ತೊಂದರೆ: ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನದ ಉರಿಬಿಸಿಲು, ಅದರ ಬೆನ್ನಿಗೇ ಕಡಲ ಕಡೆಯಿಂದ ಓರೆಯಾಗಿ ಬಡಿಯುವ ಮಳೆ. ಅಕ್ಕನವರು ಬೇಸಗೆಯಲ್ಲಿ ಹಸಿರು ಬಲೆ ಕಟ್ಟಲಿ, ಮಳೆ ಶುರುವಾಗುವ ಮೊದಲು ಕುಂಡಗಳನ್ನು ಒಳಗೆ ತೆಗೆದುಕೊಳ್ಳಲಿ.

ಬೆಳಕು ಸರಿಯಿದೆಯೇ ಎಂಬುದನ್ನು ಗಿಡವೇ ಹೇಳುತ್ತದೆ. ಎಲೆಗಳು ಒತ್ತಾಗಿ, ಸ್ವಲ್ಪ ಮೇಲ್ಮುಖವಾಗಿ ಕೂಡಿಕೊಂಡಿದ್ದರೆ ಸರಿಯಿದೆ. ತಟ್ಟೆಯಂತೆ ಅಗಲವಾಗಿ ತೆರೆದು ನಡುವಿನ ಎಲೆಗಳು ತೆಳ್ಳಗೆ ಮಸುಕಾಗಿ ಬರುತ್ತಿದ್ದರೆ ಬೆಳಕು ಸಾಲದು. ತುದಿಗಳು ಇಟ್ಟಿಗೆಯ ಬಣ್ಣಕ್ಕೆ ತಿರುಗಿದರೆ ಬಿಸಿಲು ಹೆಚ್ಚಾಯಿತು, ಆದರೆ ಅದು ರೋಗವಲ್ಲ. ನೆರಳಿಗೆ ಸರಿಸಿದರೆ ಕೆಲವು ವಾರಗಳಲ್ಲಿ ಹಸಿರು ಮರಳುತ್ತದೆ. ಬಿಳಿಚಿ ಒಣಗಿದ ಸುಟ್ಟ ಕಲೆ ಮಾತ್ರ ಆ ಎಲೆ ಇರುವವರೆಗೂ ಇರುತ್ತದೆ.

ವಾರಕ್ಕೆ ಎಷ್ಟು ಸಲ ನೀರು ಹಾಕಬೇಕು? ಒಂದು ಲೆಕ್ಕ ಹೇಳಿಬಿಡಿ.

ಈ ಲೆಕ್ಕವನ್ನು ಹೇಳದಿರುವುದೇ ನಾನು ನಿಮಗೆ ಮಾಡಬಹುದಾದ ಉಪಕಾರ. ವಾರದ ಲೆಕ್ಕ ಹಿಡಿದವರ ಗಿಡಗಳೇ ಹೆಚ್ಚಾಗಿ ಸತ್ತಿವೆ, ನನ್ನವೂ ಸೇರಿದಂತೆ. ನೋಡಬೇಕಾದದ್ದು ಕುಂಡದ ತೂಕವನ್ನು. ನನ್ನ ಒಂದು 3 ಇಂಚಿನ ಪ್ಲಾಸ್ಟಿಕ್ ಕುಂಡವನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ಒಂದು ಚಳಿಗಾಲವಿಡೀ ತೂಗಿದೆ: ನೀರು ಹಾಕಿ ಬಸಿದ ಮೇಲೆ 240 ಗ್ರಾಂ, ಪೂರ್ತಿ ಒಣಗಿದಾಗ 175 ಗ್ರಾಂ. ಡಿಸೆಂಬರಿನಲ್ಲಿ ಅಷ್ಟು ಇಳಿಯಲು ಒಂಬತ್ತು ದಿನ ಹಿಡಿಯಿತು. ಅದೇ ಕುಂಡ ಜುಲೈಯಲ್ಲಿ ಇಪ್ಪತ್ತೈದು ದಿನವಾದರೂ 190ರ ಕೆಳಗೆ ಇಳಿಯಲೇ ಇಲ್ಲ. ಈಗ ತಕ್ಕಡಿ ಬೇಕಿಲ್ಲ, ಎತ್ತಿದ ಕೈಗೇ ತಿಳಿಯುತ್ತದೆ.

ಒಣಗಿದೆ ಎಂದು ಖಚಿತವಾದ ಮೇಲೆ ಚೆನ್ನಾಗಿ, ಕೆಳಗಿನ ತೂತಿನಿಂದ ಹರಿದುಹೋಗುವಷ್ಟು ನೀರು ಹಾಕಬೇಕು. ದಿನಕ್ಕೊಂದು ಚಮಚ ಚಿಮುಕಿಸುವ ಪದ್ಧತಿಯಿಂದ ಮೇಲ್ಮಣ್ಣು ಸದಾ ಒದ್ದೆಯಾಗಿದ್ದು ಕೆಳಗಿನ ಬೇರು ಬಾಯಾರುತ್ತದೆ. ಎಲೆಗಳ ನಡುವಿನ ಗುಳಿಯಲ್ಲಿ ನೀರು ನಿಂತರೆ ಟಿಶ್ಯೂ ಕಾಗದದ ಮೂಲೆಯಿಂದ ಹೀರಿಸಿ ತೆಗೆಯಬೇಕು. ಮಹಾನಗರಪಾಲಿಕೆಯ ಕೆರೆನೀರು ಸಾಕು. ಟ್ಯಾಂಕರಿನ ಅಥವಾ ಬೋರ್‌ವೆಲ್ಲಿನ ಗಡಸು ನೀರು ಎಲೆಯ ಮೇಲೆ ಬಿಳಿ ಕಲೆ ಬಿಡುತ್ತದೆ ಮತ್ತು ಮಣ್ಣಿನಲ್ಲಿ ಉಪ್ಪು ಕೂಡಿಸುತ್ತದೆ. ಅಂಥ ಕಡೆ ವರ್ಷಕ್ಕೊಮ್ಮೆ ಮಣ್ಣು ಬದಲಿಸುವುದು ಒಳ್ಳೆಯದು.

ನರ್ಸರಿಯಲ್ಲಿ ಸಿಗುವ ಕೆಂಪು ಮಣ್ಣಿಗೆ ಗೊಬ್ಬರ ಬೆರೆಸಿದರೆ ಆಗುವುದಿಲ್ಲವೇ?

ಆಗುವುದಿಲ್ಲ. ತುಳಸಿಗೂ ದಾಸವಾಳಕ್ಕೂ ಒಪ್ಪುವ ಆ ಮಣ್ಣು ನಾಲ್ಕು ಸಲ ನೀರು ಬಿದ್ದ ಮೇಲೆ ಇಡ್ಲಿಯ ಹಿಟ್ಟಿನಂತೆ ಕೂಡಿಕೊಂಡು, ಒಣಗಿದಾಗ ಹೆಂಚಾಗುತ್ತದೆ. ಹಾವರ್ತಿಯಾದ ಬೇರುಗಳು ದಪ್ಪಗೆ, ಮೆದುವಾಗಿ, ಬಿಳಿಯಾಗಿರುತ್ತವೆ. ಅವುಗಳಿಗೆ ನೀರಿನಷ್ಟೇ ಗಾಳಿಯೂ ಬೇಕು. ಮುಂಬಯಿ ಮತ್ತು ಗೋವಾದ ಹವೆಗೆ ನಾನು ಮೂರು ಪಾಲು ಹರಳು, ಒಂದು ಪಾಲು ಎರೆಗೊಬ್ಬರ ಮತ್ತು ತೆಂಗಿನ ನಾರಿನ ಪುಡಿಯ ಮಿಶ್ರಣ ಎಂಬ ಪ್ರಮಾಣಕ್ಕೆ ಬಂದು ನಿಂತಿದ್ದೇನೆ. ಪುಣೆಯ ಒಣಹವೆಗೆ ಎರಡಕ್ಕೆ ಒಂದು ಸಾಕು. ಹರಳು ಎಂದರೆ 3ರಿಂದ 5 ಮಿಲಿಮೀಟರ್ ಗಾತ್ರದ ಪ್ಯೂಮಿಸ್ ಎಂಬ ಹಗುರವಾದ ಜ್ವಾಲಾಮುಖಿ ಕಲ್ಲು, ಸಿಗದಿದ್ದರೆ ಕಟ್ಟಡದ ಕೆಲಸ ನಡೆಯುವಲ್ಲಿಂದ ತಂದ ಇಟ್ಟಿಗೆಯ ಚೂರು. ಇಟ್ಟಿಗೆಯನ್ನು ಒಡೆದು, ಚಹಾ ಸೋಸುವ ಜರಡಿಗಿಂತ ಸ್ವಲ್ಪ ದೊಡ್ಡ ಕಣ್ಣಿನ ಜರಡಿಯಲ್ಲಿ ಆಡಿಸಿ, ಪುಡಿಯನ್ನು ಚೆಲ್ಲಿ ಉಳಿದದ್ದನ್ನು ತೊಳೆದುಕೊಳ್ಳಬೇಕು. ಪುಡಿ ಉಳಿದರೆ ಮತ್ತೆ ಅದೇ ಕೆಸರು. ಊರಿನಿಂದ ಬರುವಾಗ ಮುರಕಲ್ಲಿನ ಚೂರು ತಂದವರೂ ಇದ್ದಾರೆ. ತೊಳೆದು ಬಳಸಿದರೆ ನಡೆಯುತ್ತದೆ, ಆದರೆ ಕಾಲಕ್ರಮದಲ್ಲಿ ಮೆದುವಾಗಿ ಕರಗುವ ಕಲ್ಲನ್ನು ಆರಿಸಬಾರದು.

ಹೊಸ ಗಿಡವನ್ನು ಕುಂಡದಿಂದ ತೆಗೆದಾಗ ಬೇರಿನ ಸುತ್ತ ನಾರಿನ ಪುಡಿಯ ಗಟ್ಟಿ ಉಂಡೆ ಇದ್ದರೆ ಅದನ್ನು ಬೆರಳಿನಿಂದ ತಾಳ್ಮೆಯಾಗಿ ಬಿಡಿಸಲೇಬೇಕು. ಹೊರಗಿನ ಹರಳು ಒಣಗಿದ್ದರೂ ಒಳಗಿನ ಉಂಡೆ ಒದ್ದೆಯಾಗಿಯೇ ಉಳಿದು ಬುಡವನ್ನು ಕೊಳೆಸುತ್ತದೆ.

ಗಾಜಿನ ಬಟ್ಟಲಿನಲ್ಲಿ ಮೂರು ನಾಲ್ಕು ಬಗೆಯನ್ನು ಸೇರಿಸಿ ನೆಟ್ಟರೆ ಚೆಂದವಲ್ಲವೇ?

ಚೆಂದ, ಒಂದೆರಡು ತಿಂಗಳು. ತೂತಿಲ್ಲದ ಪಾತ್ರೆಯಲ್ಲಿ ನೀರು ಹೋಗುವ ದಾರಿಯಿಲ್ಲ, ಮತ್ತು ತಳದಲ್ಲಿ ಜಲ್ಲಿ ಹಾಕಿದರೂ ನೀರು ಅಲ್ಲೇ ನಿಲ್ಲುತ್ತದೆ. ಗಿಡದ ಹರವಿಗಿಂತ ಒಂದು ಬೆರಳು ಅಗಲವಾದ, ತೂತಿರುವ ಕುಂಡವೇ ಸರಿಯಾದದ್ದು. ಮರೆವಿನವರು ಪ್ಲಾಸ್ಟಿಕ್ ಆರಿಸಲಿ, ನೀರು ಹಾಕುವ ಚಪಲ ಇರುವವರು ಮಣ್ಣಿನ ಕುಂಡ ಆರಿಸಲಿ.

ಮಳೆಗಾಲ ಮತ್ತು ರಜಾಕಾಲ

ಮಳೆಗಾಲದಲ್ಲಿ ಎಲ್ಲ ಗಿಡಗಳೂ ಚಿಗುರುತ್ತವೆ, ಇದೊಂದೇ ಏಕೆ ಸಾಯುತ್ತದೆ?

ಏಕೆಂದರೆ ಇದರ ದಿನಚರಿಯೇ ತಲೆಕೆಳಗು. ಬಹುಪಾಲು ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ತೆರೆದು ಗಾಳಿಯನ್ನು ತೆಗೆದುಕೊಳ್ಳುತ್ತವೆ; ಹಾವರ್ತಿಯಾ ನೀರು ಉಳಿಸಲೆಂದು ಹಗಲು ಮುಚ್ಚಿ, ರಾತ್ರಿ ತಂಪಾದ ಮೇಲೆ ತೆರೆದು, ಇಂಗಾಲದ ಡೈಆಕ್ಸೈಡನ್ನು ಆಮ್ಲದ ರೂಪದಲ್ಲಿ ಕೂಡಿಟ್ಟು, ಮರುದಿನ ಬೆಳಕಿನಲ್ಲಿ ಅದನ್ನು ಬಳಸಿಕೊಳ್ಳುತ್ತದೆ. ರಾತ್ರಿ ತಂಪಾಗದಿದ್ದರೆ, ಹಗಲು ಬೆಳಕಿಲ್ಲದಿದ್ದರೆ ಈ ವ್ಯಾಪಾರ ಮಂದವಾಗುತ್ತದೆ. ಗಿಡ ಬೆಳೆಯದೆ ಕುಳಿತಿರುವಾಗ ಬೇರಿಗೆ ನೀರು ಬೇಡ. ಬೇಡವಾದ ನೀರು ಬಿಸಿ ಮಣ್ಣಿನಲ್ಲಿ ನಿಂತರೆ ಶಿಲೀಂಧ್ರಕ್ಕೆ ಹಬ್ಬ.

ನನ್ನ ಐದು ಗಿಡಗಳು ಹೋದದ್ದು ಹೀಗೆಯೇ. ನೇರ ಮಳೆ ತಾಗದಂತೆ ಸಜ್ಜದ ಕೆಳಗಿಟ್ಟು, ಭಾನುವಾರಕ್ಕೊಮ್ಮೆ ನಿಷ್ಠೆಯಿಂದ ನೀರು ಹಾಕುತ್ತಿದ್ದೆ. ಜುಲೈಯ ಒಂದು ಬೆಳಿಗ್ಗೆ ಝೀಬ್ರಾದ ಒಣ ಎಲೆಯೊಂದನ್ನು ತೆಗೆಯಲು ಎಳೆದರೆ ಇಡೀ ಗೊಂಚಲು ಡಬ್ಬಿಯ ಮುಚ್ಚಳದಂತೆ ಕೈಗೆ ಬಂತು. ಮೇಲಿನಿಂದ ಅದು ಹಸಿರಾಗಿ, ಗಟ್ಟಿಯಾಗಿ, ಏನೂ ಆಗದಂತೆ ಇತ್ತು. ಅಡಿಯಲ್ಲಿ ಹಳಸಿದ ಹಲಸಿನ ತೊಳೆಯಂತಹ ಕಂದು ಲೋಳೆ, ಹುಳಿ ವಾಸನೆ. ಮೇಲಿನಿಂದ ನೋಡಿ ಕ್ಷೇಮ ಎಂದುಕೊಳ್ಳುವ ಅಭ್ಯಾಸ ಅಂದಿಗೆ ಬಿಟ್ಟುಹೋಯಿತು.

ಈಗ ಮಾಡುವುದು ಇಷ್ಟು. ಮುಂಬಯಿಗೆ ಮಳೆ ಕಾಲಿಡುವ ಸರಾಸರಿ ದಿನ ಜೂನ್ 11. ಅದಕ್ಕೆ ಹತ್ತು ದಿನ ಮೊದಲೇ ಕೊನೆಯ ಪೂರ್ಣ ನೀರು. ಆಮೇಲೆ ಕುಂಡಗಳು ಗ್ರಿಲ್ಲಿನಿಂದ ಒಳಗಿನ ಕಟ್ಟೆಗೆ ಬರುತ್ತವೆ, ಒಂದಕ್ಕೊಂದು ತಾಗದಂತೆ ಅಂತರದಲ್ಲಿ. ಮೇಜಿನ ಫ್ಯಾನು ದಿನಕ್ಕೆ ಕೆಲವು ಗಂಟೆ ಅವುಗಳತ್ತ ತಿರುಗಿರುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ, ಮಳೆ ಬಿಟ್ಟು ಗಾಳಿ ಸ್ವಲ್ಪ ಒಣಗಿದ ದಿನ ನೋಡಿ, ಕುಂಡದ ಅಂಚಿನಲ್ಲಿ ಎರಡು ಚಮಚ ನೀರು. ನಾಲ್ಕು ತಿಂಗಳು ಹನಿಯನ್ನೂ ಕೊಡಬಾರದು ಎನ್ನುವವರಿದ್ದಾರೆ; ಹಾಗೆ ಮಾಡಿದಾಗ ಗಿಡ ಉಳಿಯಿತು, ಬೇರುಗಳು ಒಣಗಿಹೋಗಿ ಅಕ್ಟೋಬರಿನಲ್ಲಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಮಳೆ ಹಿಂದೆ ಸರಿಯುವ ಸರಾಸರಿ ದಿನ ಅಕ್ಟೋಬರ್ 8. ನವರಾತ್ರಿ ಕಳೆದ ಮೇಲೆ, ಆಕಾಶ ತಿಳಿಯಾಯಿತು ಎಂದು ಕಂಡಾಗ, ಮಣ್ಣು ಬದಲಿಸಿ ಪೂರ್ಣ ನೀರು ಆರಂಭಿಸುತ್ತೇನೆ. ಅಲ್ಲಿಂದ ಫೆಬ್ರವರಿವರೆಗೆ ಅವು ಬೆಳೆಯುವ ಕಾಲ.

ಮೇ ತಿಂಗಳಿನಲ್ಲಿ ಒಂದು ತಿಂಗಳು ಉಡುಪಿಗೆ ಹೋಗುತ್ತೇವೆ. ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ಹೋಗಲೇ?

ಕೀಲಿಯನ್ನು ಬೇರೆ ಗಿಡಗಳಿಗಾಗಿ ಕೊಡಿ, ಇವುಗಳನ್ನು ಮುಟ್ಟಬಾರದೆಂದು ಹೇಳಿ ಕೊಡಿ. ಹೊರಡುವ ಎರಡು ದಿನ ಮೊದಲು ತುಂಬ ನೀರು ಹಾಕಿ, ಬಸಿದ ಮೇಲೆ, ಉರಿಬಿಸಿಲು ಬೀಳದ ಆದರೆ ಬೆಳಕಿರುವ ಜಾಗಕ್ಕೆ ಸರಿಸಿ, ಕಿಟಕಿಯ ಒಂದು ಬಾಗಿಲನ್ನು ಸ್ವಲ್ಪ ತೆರೆದಿಟ್ಟು ಮತ್ಸ್ಯಗಂಧಾ ರೈಲು ಹತ್ತಿ. ಹಿಂದಿರುಗಿದಾಗ ಎಲೆಗಳು ಸ್ವಲ್ಪ ಸುಕ್ಕಾಗಿರಬಹುದು, ಒಂದು ನೀರಿಗೆ ಸರಿಹೋಗುತ್ತವೆ. ಪ್ರೀತಿಯ ನೆರೆಯವರು ದಿನಾ ಒಂದು ಲೋಟ ಹಾಕಿದರೆ ಸರಿಹೋಗುವುದಿಲ್ಲ.

ತೊಂದರೆಗಳು

ಗಿಡ ಕೈಗೆ ಕಿತ್ತು ಬಂತು. ಅರಿಶಿನ ಹಚ್ಚಿ ಮತ್ತೆ ನೆಡಲೇ?

ಮೊದಲು ಕತ್ತರಿಸಬೇಕು. ಚೂಪಾದ ಬ್ಲೇಡನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಬುಡವನ್ನು ತೆಳ್ಳಗೆ ಹೋಳು ಹೋಳಾಗಿ, ಕಂದು ಕಲೆ ಪೂರ್ತಿ ಮಾಯವಾಗಿ ತಿಳಿಹಸಿರು ಅಥವಾ ಬಿಳಿ ತಿರುಳು ಕಾಣುವವರೆಗೆ ತೆಗೆಯಬೇಕು. ಒಂದು ಚುಕ್ಕೆ ಉಳಿದರೂ ಕೊಳೆ ಮುಂದುವರಿಯುತ್ತದೆ. ಬುಡದ ಎಲೆಗಳು ಉದುರಿದರೆ ಉದುರಲಿ. ಆಮೇಲೆ ಮಣ್ಣಿಲ್ಲದೆ, ನೀರಿಲ್ಲದೆ, ಗಾಳಿಯಾಡುವ ನೆರಳಿನಲ್ಲಿ ಐದಾರು ದಿನ ಒಣಗಲು ಬಿಡಬೇಕು. ಮಳೆಗಾಲವಾದರೆ ಹತ್ತು ದಿನವಾದರೂ ಸರಿ. ಅರಿಶಿನ ಹಚ್ಚುವುದರಿಂದ ಕೇಡಿಲ್ಲ, ಆದರೆ ಗಿಡವನ್ನು ಉಳಿಸುವುದು ಒಣಗಿಸುವಿಕೆ. ಗಾಯ ಗಟ್ಟಿಯಾದ ಮೇಲೆ ಬರಿಯ ಒಣ ಹರಳಿನ ಮೇಲೆ ಕೂರಿಸಿ, ವಾರ ಕಳೆದು ಸುತ್ತಲಿನ ಹರಳನ್ನು ಅಷ್ಟಿಷ್ಟು ತೇವ ಮಾಡಿದರೆ ಮೂರರಿಂದ ಆರು ವಾರಗಳಲ್ಲಿ ಬೇರು ಮೂಡುತ್ತದೆ. ಬೇರು ಬಂತೇ ಎಂದು ದಿನಾ ಎತ್ತಿ ನೋಡುವ ಆಸೆಯನ್ನು ತಡೆದುಕೊಳ್ಳುವುದೇ ಇದರಲ್ಲಿ ಕಷ್ಟದ ಭಾಗ.

ಎಲೆ ಸುಕ್ಕಾಗಿದೆ. ನೀರು ಕಡಿಮೆಯಾಯಿತೇ, ಹೆಚ್ಚಾಯಿತೇ?

ಎರಡರಲ್ಲೂ ಸುಕ್ಕಾಗುತ್ತದೆ, ಅದರಿಂದಲೇ ಜನ ಮೋಸಹೋಗುತ್ತಾರೆ. ಬೇರು ಕೊಳೆತ ಗಿಡವೂ ನೀರು ಹೀರಲಾರದೆ ಬಾಯಾರುತ್ತದೆ. ಅದನ್ನು ಕಂಡು ಇನ್ನಷ್ಟು ನೀರು ಹಾಕಿದರೆ ಕಥೆ ಮುಗಿಯಿತು. ಕುಂಡ ಹಗುರವಾಗಿದ್ದು ಗಿಡ ಭದ್ರವಾಗಿದ್ದರೆ ನೀರು ಹಾಕಿ, ನಾಲ್ಕೈದು ದಿನಗಳಲ್ಲಿ ಎಲೆ ತುಂಬಿಕೊಳ್ಳುತ್ತದೆ. ಕುಂಡ ಭಾರವಾಗಿದ್ದು ಎಲೆ ಸುಕ್ಕಾಗಿದ್ದರೆ, ಅಥವಾ ನೀರು ಹಾಕಿ ವಾರವಾದರೂ ತುಂಬದಿದ್ದರೆ, ಕಿತ್ತು ಬೇರನ್ನು ನೋಡಿ. ಅಡಿಯ ಒಂದೆರಡು ಹಳೆಯ ಎಲೆಗಳು ಕಾಗದದಂತೆ ಒಣಗುವುದು ಮಾತ್ರ ಸಹಜ.

ಎಲೆಯ ಸಂದಿನಲ್ಲಿ ಹತ್ತಿಯಂತೆ ಬಿಳಿ ಬಿಳಿ ಕಾಣುತ್ತಿದೆ.

ಹಿಟ್ಟು ತಿಗಣೆ. ಔಷಧದ ಅಂಗಡಿಯಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ಟನ್ನು ಕಿವಿಕಡ್ಡಿಗೆ ಅದ್ದಿ ಒಂದೊಂದಕ್ಕೂ ತಾಗಿಸಿದರೆ ಸಾಯುತ್ತವೆ. ಈ ಕೆಲಸವನ್ನು ಸಂಜೆ, ಬಿಸಿಲು ಹೋದ ಮೇಲೆ ಮಾಡಿ, ವಾರಕ್ಕೊಮ್ಮೆಯಂತೆ ನಾಲ್ಕು ವಾರ ಮುಂದುವರಿಸಬೇಕು, ಏಕೆಂದರೆ ಮೊಟ್ಟೆಗಳು ಒಂದೇ ಸಲ ಒಡೆಯುವುದಿಲ್ಲ. ಬೇವಿನ ಎಣ್ಣೆಯೂ ಕೆಲಸ ಮಾಡುತ್ತದೆ, ಆದರೆ ಎಣ್ಣೆಯಿರುವಾಗ ಬಿಸಿಲು ಬಿದ್ದರೆ ಎಲೆ ಸುಡುತ್ತದೆ. ಹೆಚ್ಚು ಅಪಾಯಕಾರಿಯಾದವು ಮಣ್ಣಿನೊಳಗೆ ಬೇರಿಗೆ ಅಂಟಿಕೊಂಡಿರುವ ತಿಗಣೆಗಳು. ಕಾರಣವಿಲ್ಲದೆ ಸೊರಗಿದ ಗಿಡವನ್ನು ಕಿತ್ತಾಗ ಬೇರಿನ ಮೇಲೆ, ಕುಂಡದ ಒಳಗೋಡೆಯ ಮೇಲೆ ಸುಣ್ಣದ ಪುಡಿ ಚೆಲ್ಲಿದಂತೆ ಕಂಡರೆ ಮಣ್ಣನ್ನೆಲ್ಲ ಕಸಕ್ಕೆ ಹಾಕಿ, ಬೇರು ತೊಳೆದು, ಕುಂಡವನ್ನು ಬಿಸಿನೀರಿನಲ್ಲಿ ತಿಕ್ಕಿ, ಹೊಸದಾಗಿ ನೆಡಬೇಕು. ಹೊಸ ಗಿಡವನ್ನು ಮೂರು ವಾರ ಬೇರೆ ಕೋಣೆಯಲ್ಲಿಡುವ ಶಿಸ್ತು ಇದಕ್ಕಾಗಿಯೇ.

ಪಾರಿವಾಳಗಳ ಕಾಟ, ಜೊತೆಗೆ ಮನೆಯಲ್ಲಿ ಬೆಕ್ಕು. ಬೆಕ್ಕು ತಿಂದರೆ ವಿಷವೇ?

ಅಮೆರಿಕದ ಎಎಸ್‌ಪಿಸಿಎ ಎಂಬ ಪ್ರಾಣಿದಯಾ ಸಂಸ್ಥೆಯ ಪಟ್ಟಿಯ ಪ್ರಕಾರ ಝೀಬ್ರಾ ಹಾವರ್ತಿಯಾ ಬೆಕ್ಕು ನಾಯಿಗಳಿಗೆ ವಿಷವಲ್ಲ. ಅದರ ನೆಂಟನಾದ ಲೋಳೆಸರ ಮಾತ್ರ ವಿಷ, ಅದನ್ನು ಎತ್ತರದಲ್ಲಿಡಿ. ಪಾರಿವಾಳಕ್ಕೆ ಬಲೆಯಲ್ಲದೆ ಬೇರೆ ಮದ್ದು ನನಗೆ ಕಂಡಿಲ್ಲ. ಅವು ಗಿಡವನ್ನು ತಿನ್ನುವುದಕ್ಕಿಂತ ಕುಂಡದ ಮೇಲೆ ಕುಳಿತು ಬೀಳಿಸುವುದೇ ಹೆಚ್ಚು, ಮತ್ತು ಆರನೆಯ ಮಹಡಿಯಿಂದ ಬಿದ್ದ ಕುಂಡ ಕೆಳಗಿನವರ ತಲೆಗೆ ಬರುತ್ತದೆ. ಗ್ರಿಲ್ಲಿನ ಹೊರಗೆ ಕುಂಡ ಇಡಬಾರದೆಂಬ ಸೊಸೈಟಿಯ ನಿಯಮದ ಬಗ್ಗೆ ದೂರುವವರಿಗೆ ನಾನು ಜೊತೆಯಾಗುವುದಿಲ್ಲ.

ರಾತ್ರಿ ಆಮ್ಲಜನಕ ಕೊಡುತ್ತದೆ ಎಂದು ಮಂಚದ ಪಕ್ಕ ಇಟ್ಟಿದ್ದೇನೆ. ನಿಜವೇ?

ನಿಜವಲ್ಲ. ರಾತ್ರಿ ಇದು ಇಂಗಾಲದ ಡೈಆಕ್ಸೈಡನ್ನು ತೆಗೆದುಕೊಳ್ಳುತ್ತದೆ. ಆಮ್ಲಜನಕ ಹುಟ್ಟುವುದಕ್ಕೆ ಬೆಳಕು ಬೇಕು. ಅಂಗೈಯಗಲದ ಗಿಡದಿಂದ ಕೋಣೆಯ ಗಾಳಿಯಲ್ಲಿ ಆಗುವ ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಲ್ಲ. ಮಂಚದ ಪಕ್ಕ ಬೆಳಕಿಲ್ಲದಿದ್ದರೆ ಕಿಟಕಿಗೆ ಮರಳಿಸಿ.

ಮರಿ, ಹೂವು ಮತ್ತು ಮುಂದಿನ ಹಂತ

ಬುಡದಲ್ಲಿ ಮರಿಗಳು ಬಂದಿವೆ. ಯಾವಾಗ ಬೇರ್ಪಡಿಸಬೇಕು?

ಬಾಳೆಯ ಕಂದಿನಂತೆಯೇ ಯೋಚಿಸಿ: ತನ್ನದೇ ಬೇರು ಬಂದ ಮೇಲೆ. ತಾಯಿಯ ಮೂರನೆಯ ಒಂದು ಭಾಗದಷ್ಟು ಬೆಳೆದ ಮರಿಗೆ ಸಾಮಾನ್ಯವಾಗಿ ಬೇರಿರುತ್ತದೆ. ನವೆಂಬರಿನಲ್ಲಿ ಗಿಡವನ್ನು ಪೂರ್ತಿ ಕಿತ್ತು, ಮಣ್ಣು ಉದುರಿಸಿ, ಮರಿಯನ್ನು ಬುಡದಲ್ಲಿ ಹಿಡಿದು ಮೆಲ್ಲಗೆ ತಿರುಚಿದರೆ ಬರುತ್ತದೆ. ಎರಡು ದಿನ ಗಾಯ ಒಣಗಿಸಿ ನೆಡಬೇಕು. ಗೊಂಚಲು ಗೊಂಚಲಾಗಿಯೇ ಚೆಂದ ಎನ್ನುವವರು ಬಿಡಬಹುದು, ಮಳೆಗಾಲದಲ್ಲಿ ಗಾಳಿಯಾಡುವುದು ಮಾತ್ರ ಕಡಿಮೆಯಾಗುತ್ತದೆ. ಬೆಳೆಯುವ ತಿಂಗಳುಗಳಲ್ಲಿ 19:19:19 ಗೊಬ್ಬರವನ್ನು ಲೀಟರಿಗೆ ಅರ್ಧ ಗ್ರಾಮಿನಂತೆ ಕರಗಿಸಿ ತಿಂಗಳಿಗೊಮ್ಮೆ ಕೊಟ್ಟರೆ ಧಾರಾಳವಾಯಿತು.

ನಡುವಿನಿಂದ ಉದ್ದನೆಯ ಕಡ್ಡಿ ಬಂದಿದೆ. ಹೂ ಬಿಟ್ಟರೆ ಗಿಡ ಸಾಯುತ್ತದಂತೆ?

ಅದು ಸೆಂಪರ್ವೈವಮ್ಮಿನ ಗುಣ; ಅದರಲ್ಲಿ ಹೂಬಿಟ್ಟ ಗೊಂಚಲು ಸಾಯುತ್ತದೆ. ಹಾವರ್ತಿಯಾ ಪ್ರತಿವರ್ಷ ಹೂಬಿಟ್ಟೂ ಬದುಕಿರುತ್ತದೆ. ಹೂವು ಸಣ್ಣದು, ಬಿಳಿಯ ಮೇಲೆ ಕಂದು ಅಥವಾ ಹಸಿರು ಗೆರೆ, ಅಷ್ಟೇನೂ ಆಕರ್ಷಕವಲ್ಲ. ಸೊರಗಿದ ಗಿಡವಾದರೆ ಕಡ್ಡಿಯನ್ನು ಕತ್ತರಿಸಿ, ಇಲ್ಲವಾದರೆ ಬಿಡಿ. ಅಪರೂಪಕ್ಕೆ ಕಡ್ಡಿಯ ಮೇಲೇ ಮರಿ ಮೂಡುವುದೂ ಉಂಟು.

ಎಲೆಯಿಂದ, ಬೀಜದಿಂದ ಬೆಳೆಸಬಹುದೇ?

ಎಲೆಯಿಂದ ಸಾಧ್ಯ, ಆದರೆ ಬುಡದ ಬಿಳಿ ಭಾಗ ಸಮೇತ ಬರಬೇಕು, ತುದಿಯ ತುಂಡಿನಿಂದ ಆಗುವುದಿಲ್ಲ. ಬೇರು ಬರಲು ಒಂದೆರಡು ತಿಂಗಳು, ಮರಿ ಕಾಣಲು ಇನ್ನೂ ಹೆಚ್ಚು. ಬೀಜಕ್ಕೆ ಬೇರೆ ಬೇರೆ ಮೂಲದ ಎರಡು ಗಿಡಗಳು ಒಂದೇ ಹೊತ್ತಿಗೆ ಹೂಬಿಡಬೇಕು; ಸಾಮಾನ್ಯವಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಒಂದೇ ತಾಯಿಯ ಎರಡು ಮರಿಗಳು ಈ ಲೆಕ್ಕದಲ್ಲಿ ಒಂದೇ ಗಿಡ.

ನನ್ನದು ಫ್ಯಾಸಿಯಾಟಾ ಎಂದು ಚೀಟಿಯಿದೆ, ಗೆಳತಿ ಅಟೆನ್ಯುವಾಟಾ ಎನ್ನುತ್ತಾಳೆ. ಮತ್ತೊಬ್ಬರು ಅದು ಹಾವರ್ತಿಯಾವೇ ಅಲ್ಲ ಎಂದರು!

ಎರಡೂ ಝೀಬ್ರಾ ಎಂದು ಕರೆಯುವ ಜಾತಿಗಳ ಹೆಸರುಗಳೇ, ಆದರೆ ಗೆಳತಿಯ ಮಾತು ಸರಿಯಿರುವ ಸಂಭವ ಹೆಚ್ಚು. ಎಲೆಯ ಒಳಮೈಯನ್ನು, ಅಂದರೆ ಗಿಡದ ನಡುವಿಗೆ ಮುಖಮಾಡಿದ ಬದಿಯನ್ನು, ಸವರಿ ನೋಡಿ. ನುಣುಪಾಗಿದ್ದರೆ ಫ್ಯಾಸಿಯಾಟಾ, ಅಲ್ಲಿಯೂ ಗುಳ್ಳೆಗಳಿದ್ದರೆ ಅಟೆನ್ಯುವಾಟಾ. ಮಾರುಕಟ್ಟೆಯಲ್ಲಿ ಫ್ಯಾಸಿಯಾಟಾ ಎಂದು ಮಾರುವವುಗಳಲ್ಲಿ ಹೆಚ್ಚಿನವು ಅಟೆನ್ಯುವಾಟಾಗಳೇ. ಮೂರನೆಯವರೂ ಸುಳ್ಳು ಹೇಳಿಲ್ಲ: 2013ರಲ್ಲಿ ಗಾರ್ಡನ್ ರೌಲಿ ಎಂಬ ಸಸ್ಯಶಾಸ್ತ್ರಜ್ಞರು ಹಳೆಯ ಹಾವರ್ತಿಯಾವನ್ನು ಒಡೆದು, ಗಟ್ಟಿ ಎಲೆಯ ಹಲವು ಜಾತಿಗಳನ್ನು ಹಾವರ್ತಿಯಾಪ್ಸಿಸ್ ಎಂದೂ ಕೆಲವನ್ನು ಟುಲಿಸ್ಟಾ ಎಂದೂ ಬೇರೆ ಮಾಡಿದರು. ಝೀಬ್ರಾ ಈಗ ಹಾವರ್ತಿಯಾಪ್ಸಿಸ್. ಆರೈಕೆಯಲ್ಲಿ ಏನೂ ಬದಲಾಗಿಲ್ಲವಾದ್ದರಿಂದ ನಾನು ಹಳೆಯ ಹೆಸರನ್ನೇ ಎಲ್ಲಕ್ಕೂ ಬಳಸಿದ್ದೇನೆ, ಮದುವೆಯಾಗಿ ಅಡ್ಡಹೆಸರು ಬದಲಾದ ಗೆಳತಿಯನ್ನು ಹಳೆಯ ಹೆಸರಿನಲ್ಲೇ ಕರೆದಂತೆ.

ಎಲೆಯ ತುದಿ ಗಾಜಿನಂತೆ ಪಾರದರ್ಶಕವಾಗಿರುವ ಜಾತಿಯನ್ನು ಮುಂಬಯಿಯಲ್ಲಿ ಬೆಳೆಸಬಹುದೇ?

ಕೂಪರಿ, ರೆಟ್ಯೂಸಾ, ಟ್ರಂಕಾಟಾ ಮೊದಲಾದವು ಇವು. ಮೂಲದಲ್ಲಿ ಇಂಥ ಗಿಡಗಳ ಬೇರುಗಳು ಕುಗ್ಗಿ ಗಿಡವನ್ನು ಮಣ್ಣಿನೊಳಕ್ಕೆ ಎಳೆದುಕೊಳ್ಳುತ್ತವೆ, ಹೊರಗೆ ಕಾಣುವುದು ತುದಿಗಳಷ್ಟೇ. ಬೆಳಕು ಆ ಗಾಜಿನಂತಹ ಕಿಟಕಿಯ ಮೂಲಕ ಎಲೆಯ ಒಳಕ್ಕೆ ಇಳಿಯುತ್ತದೆ. ಟ್ರಂಕಾಟಾದ ಎಲೆಗಳು ಗೊಂಚಲಾಗದೆ ಎರಡು ಸಾಲಿನಲ್ಲಿ ಬೀಸಣಿಗೆಯಂತೆ ನಿಲ್ಲುತ್ತವೆ, ಮತ್ತು ಚಾಕುವಿನಿಂದ ಕೊಯ್ದಂತೆ ತುದಿ ಮೊಂಡಾಗಿರುತ್ತದೆ.

ಝೀಬ್ರಾವನ್ನು ಎರಡು ಮಳೆಗಾಲ ಉಳಿಸಿಕೊಂಡವರು ಮೊದಲು ಕೂಪರಿಯನ್ನು ಪ್ರಯತ್ನಿಸಬಹುದು. ಎಲೆ ಮೆದುವಾದ್ದರಿಂದ ಬಿಸಿಲನ್ನು ಇನ್ನೂ ಕಡಿಮೆ ತಾಳುತ್ತದೆ, ಸೆಕೆಗೆ ಬೇಗ ಮುಗ್ಗರಿಸುತ್ತದೆ. ಮಣ್ಣಿನಲ್ಲಿ ಹರಳಿನ ಪಾಲನ್ನು ನಾಲ್ಕಕ್ಕೆ ಏರಿಸಿ, ಏಪ್ರಿಲಿನಿಂದಲೇ ನೀರು ಕಡಿಮೆ ಮಾಡಬೇಕು. ಬಿಳಿ ಹಳದಿ ಪಟ್ಟೆಗಳ ದುಬಾರಿ ಗಿಡಗಳಲ್ಲಿ ಹಸಿರು ಭಾಗ ಕಡಿಮೆಯಿರುವುದರಿಂದ ಅವು ನಿಧಾನವಾಗಿ ಬೆಳೆಯುತ್ತವೆ, ಕೊಳೆತರೆ ಚೇತರಿಸಿಕೊಳ್ಳುವ ಶಕ್ತಿಯೂ ಅಷ್ಟಕ್ಕಷ್ಟೇ. ಬೆಲೆ ಕೇಳಿ ಎದೆ ಝಲ್ಲೆಂದರೆ ಕೊಳ್ಳಬೇಡಿ. ನನ್ನ ಬಳಿ ಟ್ರಂಕಾಟಾ ಒಂದೇ ಇದೆ, ನಾಲ್ಕು ವರ್ಷಗಳಲ್ಲಿ ಅದು ಕೊಟ್ಟದ್ದು ಆರು ಹೊಸ ಎಲೆ. ಏಳನೆಯದರ ತುದಿ ಈ ಡಿಸೆಂಬರಿನಲ್ಲಿ ನಡುವಿನಿಂದ ಅಕ್ಕಿಕಾಳಿನಷ್ಟು ಹೊರಗೆ ಕಾಣುತ್ತಿದೆ.